ಹನ್ನೊಂದು ತಿಂಗಳ ಬೆಕ್ಕು

ನಾ ಸಣ್ಣಾಕಿ ಇದ್ದಾಗ ಧಾರವಾಡದ ನಮ್ಮ ಬಾಡಿಗಿ ಮನ್ಯಾಗ ಬೆಕ್ಕಿನ ಬಗ್ಗೆ ಯಾರೂ ಕೇಳ್ತಿದ್ದಿಲ್ಲ. ಹಂಚಿನ ಮ್ಯಾಲಿಂದ ಬರ್ತಿತ್ತು, ಇಲಿ ಹಿಡೀತಿತ್ತು, ನಮ್ಮಲ್ಲೆ ಹಾಲು ಕುಡದು ಮಾಲಕರ ಅಟ್ಟದ ಮ್ಯಾಲೆ ಮರಿ ಹಾಕ್ತಿತ್ತು. ಯಾರ ಬೆಕ್ಕು ಅಂತ ಹೇಳಲಿಕ್ಕೇ ಆಗ್ತಿದ್ದಿಲ್ಲ.

ಬೆಂಗಳೂರಾಗ ಮೂರನೇ ಅಂತಸ್ತಿನ ಫ್ಲ್ಯಾಟ್ ಹಿಡದಾಗ ಗೊತ್ತಾತು: ಹಂಚು ಹೋಗಿ ಸ್ಲ್ಯಾಬ್ ಬಂದ ಮ್ಯಾಲೆ ಬೆಕ್ಕಿಗೂ ಒಂದೇ ಬಾಗಲ. ಕರಾರುಪತ್ರದಾಗ ‘ಸಾಕುಪ್ರಾಣಿ ಇಟ್ಟುಕೊಳ್ಳತಕ್ಕದ್ದಲ್ಲ’ ಅಂತ ಒಂದು ಸಾಲು. ಅಪಾರ್ಟ್‌ಮೆಂಟ್ ಸಂಘದವರು ಸಾಕುಪ್ರಾಣಿ ನಿಷೇಧಿಸೂಹಂಗಿಲ್ಲ ಅಂತ 2015ರಾಗ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಮಾರ್ಗಸೂಚಿ ಹೊರಡಿಸ್ತು. (ಅದರಾಗ ಬಹುತೇಕ ಮಾತು ನಾಯೀದು!) ಸಂಘಕ್ಕ ಹೇಳಿದ್ದಾತು, ಮನಿ ಮಾಲಕರಿಗೆ ಹೇಳವ್ರು ಯಾರು?

1908ರ ನೋಂದಣಿ ಕಾಯ್ದೆ ಪ್ರಕಾರ ವರ್ಷ ಮೀರಿದ ಬಾಡಿಗಿ ಕರಾರು ನೋಂದಣಿ ಆಗಬೇಕು. ಆ ಖರ್ಚು ತಪ್ಪಿಸಲಿಕ್ಕೆ ಎಲ್ಲಾರೂ 11 ತಿಂಗಳಿಗೆ ಬರಸ್ತಾರ. ಹಿಂಗಾಗಿ ನಮ್ಮ ಬೆಕ್ಕಿನ ವಿಚಾರಣಿನೂ 11 ತಿಂಗಳಿಗೊಮ್ಮೆ.

ಹೋದ ಸಲ ಮಾಲಕರು “ಇರ್ಲಿ ಬಿಡ್ರಿ ವೈನಿ” ಅಂದ್ರು, ಆದ್ರ ಆ ಸಾಲು ತಗೀಲಿಲ್ಲ. ಈ ಸಲ ಸಹಿಗೆ ಅವರ ಮಗ ಬರ್ತಾನಂತ. ನಾಳೆನ. ಬೆಕ್ಕು ಕಿಟಕ್ಯಾಗ ಮಲಗೇದ. ನಾ ಬಾಗಲದ ಮ್ಯಾಲಿನ ಉಗುರಿನ ಗೆರಿಗೆ ಬಣ್ಣಾ ಹಚ್ಚಲಿಕ್ಕೆ ಹತ್ತೇನಿ.