ಉದ್ರಿಗೂ ಜಾತಿ ಐತೆ

ರಾಜಾಜಿನಗರದ ಕೈಗಾರಿಕಾ ವಸಾಹತಿನ ಚರಿತ್ರೆ ಬರೆಯುವವರು ಯಂತ್ರಗಳನ್ನು ಎಣಿಸುತ್ತಾರೆ, ಉದ್ರಿಯ ಲೆಕ್ಕ ಬಿಡುತ್ತಾರೆ. ನಮ್ಮಪ್ಪ ಅಲ್ಲೇ ಬಾಡಿಗೆ ಶೆಡ್ಡಿನಲ್ಲಿ ಒಂದು ಲೇತ್ ಇಟ್ಟಿದ್ದ. 'ಕೆಲ್ಸಕ್ಕೇನು ಬರ ಇಲ್ಲ ಮಗಾ, ಕಾಸು ಕೈಗೆ ಬರೋದೇ ಕಷ್ಟ' ಅನ್ನುತ್ತಿದ್ದ. ಕಬ್ಬಿಣಕ್ಕೆ, ಕೂಲಿಗೆ ಇವತ್ತೇ ದುಡ್ಡು ಬೇಕು. ಬಿಲ್ಲಿನ ಹಣ ಬರುವುದು ಮೂರು ತಿಂಗಳಿಗೆ. ಈ ನಡುವಿನ ಹಳ್ಳವನ್ನು ಪಕ್ಕದ ಶೆಡ್ಡಿನವರು ಮಾವನ ಕೈಸಾಲದಿಂದ, ಕಬ್ಬಿಣದಂಗಡಿಯ ಉದ್ರಿಯಿಂದ ದಾಟಿದರು. ನಮ್ಮ ಮಾವಂದಿರು ಕೂಲಿಯವರು. ಅಪ್ಪ ಹೋದ ಬ್ಯಾಂಕು ಸೈಟಿನ ಪತ್ರ ಕೇಳಿತು. ಮೀಟರ್ ಬಡ್ಡಿಗೆ ತಂದ. ದುಡಿದದ್ದನ್ನು ಬಡ್ಡಿ ತಿಂದಿತು. ಪಕ್ಕದವರು ಎರಡನೇ ಯಂತ್ರ ಹಾಕಿದರು, ಅಪ್ಪ ಇದ್ದೊಂದನ್ನೂ ಮಾರಿದ. ಇದನ್ನು ಪೈಪೋಟಿ ಎನ್ನಬೇಕೆ?

ಇದು ನಮ್ಮಪ್ಪನೊಬ್ಬನ ಕತೆಯಲ್ಲ. ವಿದೇಶದಲ್ಲಿ ಅರ್ಥಶಾಸ್ತ್ರ ಓದಿ ಬಂದ ಅಂಬೇಡ್ಕರ್ ಮುಂಬಯಿಯಲ್ಲಿ ಷೇರು ಸಲಹೆಯ ಕಚೇರಿ ತೆರೆದರು. ಜಾತಿ ತಿಳಿದದ್ದೇ ತಡ, ಗಿರಾಕಿಗಳು ಬರುವುದನ್ನು ಬಿಟ್ಟರು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು, ನಂಬಿಕೆಯ ರಾಷ್ಟ್ರೀಕರಣವಾಗಲಿಲ್ಲ. ಸಣ್ಣ ಉದ್ದಿಮೆಗಳ ಬಾಕಿಯನ್ನು 45 ದಿನದೊಳಗೆ ತೀರಿಸಬೇಕು, ತಪ್ಪಿದರೆ ಬಡ್ಡಿ ಕೊಡಬೇಕು ಎನ್ನುತ್ತದೆ 2006ರ ಕಾಯಿದೆ. ಆದರೆ ನಾಳೆಯ ಆರ್ಡರ್ ಕೊಡುವವನ ಮೇಲೆ ಇವತ್ತು ದೂರು ಕೊಡುವ ಧೈರ್ಯ ಒಂಟಿ ಲೇತಿನವನಿಗೆ ಎಲ್ಲಿಂದ ಬರಬೇಕು?

ಗೆಳೆಯರೇ, ದಲಿತ ವಿಮರ್ಶೆ ಕಾವ್ಯವನ್ನಷ್ಟೇ ಓದಿದರೆ ಸಾಲದು. ಉದ್ರಿ ಪುಸ್ತಕವನ್ನೂ ಓದಬೇಕು, ಅದರಲ್ಲಿ ಯಾರ ಹೆಸರಿಲ್ಲ ಎಂಬುದನ್ನು ಮೊದಲು.