ಬಹುವಾರ್ಷಿಕ ಜೇನುಸಸ್ಯಗಳು

ಜೇನುನೊಣಗಳಿಗೆ ಮಕರಂದವನ್ನು, ಪರಾಗವನ್ನು ಅಥವಾ ಇವೆರಡನ್ನೂ ಒದಗಿಸುವ ಸಸ್ಯಗಳನ್ನು ಜೇನುಸಸ್ಯಗಳು ಎನ್ನುತ್ತಾರೆ. ಇವುಗಳಲ್ಲಿ ಒಮ್ಮೆ ನೆಟ್ಟರೆ ಹಲವು ವರ್ಷ ಬದುಕಿ, ಪ್ರತಿವರ್ಷವೂ ಹೂ ಬಿಡುವ ಗಿಡ, ಮರ, ಬಳ್ಳಿಗಳು ಬಹುವಾರ್ಷಿಕ ಜೇನುಸಸ್ಯಗಳಾಗಿವೆ. ಕರ್ನಾಟಕದ ಮನೆಯಂಗಳ ಮತ್ತು ಹಿತ್ತಿಲುಗಳಲ್ಲಿ ಬೆಳೆಯುವ ತುಳಸಿ, ಕರಿಬೇವು, ನುಗ್ಗೆ, ನಿಂಬೆ, ತೆಂಗು ಮೊದಲಾದವು ಈ ಗುಂಪಿಗೆ ಸೇರುತ್ತವೆ.

ಮಹತ್ವ

ಮಕರಂದವು ಮುಖ್ಯವಾಗಿ ಸಕ್ಕರೆಯ ದ್ರಾವಣ. ಜೇನುನೊಣಗಳು ಇದನ್ನು ಜೇನುತುಪ್ಪವಾಗಿ ಪರಿವರ್ತಿಸಿ ಸಂಗ್ರಹಿಸುತ್ತವೆ. ಪರಾಗವು ಪ್ರೋಟೀನಿನ ಮೂಲವಾಗಿದ್ದು, ಮರಿಹುಳುಗಳ ಬೆಳವಣಿಗೆಗೆ ಅತ್ಯಗತ್ಯ. ಪರಾಗ ದೊರೆಯದಿದ್ದರೆ ಗೂಡಿನಲ್ಲಿ ತುಪ್ಪವಿದ್ದರೂ ಸಂತಾನಾಭಿವೃದ್ಧಿ ಕುಂಠಿತವಾಗುತ್ತದೆ.

ಮಲೆನಾಡು ಮತ್ತು ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲವು ಜೇನುನೊಣಗಳಿಗೆ ಆಹಾರದ ಕೊರತೆಯ ಕಾಲ. ಸತತ ಮಳೆಯಿಂದ ನೊಣಗಳ ಹಾರಾಟ ತಗ್ಗುತ್ತದೆ. ಅರಳಿದ ಹೂವಿನ ಮಕರಂದವೂ ನೀರಿನಲ್ಲಿ ತೊಳೆದುಹೋಗುತ್ತದೆ. ಪೆಟ್ಟಿಗೆಗಳಲ್ಲಿ ಸಾಕುವ ತುಡುವೆ ಜೇನು ಆಹಾರ ಸಾಲದಾದಾಗ ಗೂಡನ್ನೇ ತೊರೆದು ಹೋಗುವ ಸ್ವಭಾವದ್ದು. ಆದ್ದರಿಂದ ಸುಗ್ಗಿಯ ಕಾಲದಲ್ಲಿ ದೊರೆಯುವ ಹೇರಳ ಹೂವಿಗಿಂತ, ಕೊರತೆಯ ತಿಂಗಳುಗಳಲ್ಲಿ ದೊರೆಯುವ ಅಲ್ಪ ಹೂವೇ ಕುಟುಂಬದ ಉಳಿವನ್ನು ನಿರ್ಧರಿಸಬಹುದು.

ಪ್ರಮುಖ ಸಸ್ಯಗಳು

- ತುಳಸಿ: ಸಣ್ಣ ಹೂಗಳಿಂದ ಮಕರಂದ ದೊರೆಯುತ್ತದೆ. ಕದಿರುಗಳನ್ನೆಲ್ಲ ಎಳೆಯದಿರುವಾಗಲೇ ಚಿವುಟದೆ, ಕೆಲವನ್ನು ಅರಳಲು ಬಿಟ್ಟು, ಒಣಗಿದ ಮೇಲೆ ಕತ್ತರಿಸಿದರೆ ಹೊಸ ಕದಿರುಗಳು ಮೂಡುತ್ತವೆ.
- ತೆಂಗು: ಫಲ ಕೊಡುವ ಮರದಲ್ಲಿ ವರ್ಷಕ್ಕೆ ಸುಮಾರು 12 ಹೊಂಬಾಳೆಗಳು ಒಂದರ ನಂತರ ಒಂದು ಬಿರಿಯುವುದರಿಂದ ವರ್ಷವಿಡೀ ಪರಾಗ ಮತ್ತು ಮಕರಂದ ಲಭ್ಯ.
- ನುಗ್ಗೆ: ಎರಡನ್ನೂ ಒದಗಿಸುತ್ತದೆ. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಹೂ ಬಿಡುವುದುಂಟು.
- ನಿಂಬೆ, ಕರಿಬೇವು: ಎರಡೂ ಒಂದೇ ಕುಟುಂಬದವು. ಪರಿಮಳಯುಕ್ತ ಬಿಳಿ ಹೂಗಳು ಜೇನುನೊಣಗಳನ್ನು ಆಕರ್ಷಿಸುತ್ತವೆ.
- ಪೇರಲೆ: ಅಸಂಖ್ಯ ಕೇಸರಗಳಿರುವುದರಿಂದ ಪರಾಗಕ್ಕೆ ಪ್ರಸಿದ್ಧ.
- ಆಂಟಿಗೊನಾನ್: ಮೆಕ್ಸಿಕೋ ಮೂಲದ ಗುಲಾಬಿ ಹೂವಿನ ಬಳ್ಳಿ. ವರ್ಷದ ಹೆಚ್ಚು ಭಾಗ ಮಕರಂದ ನೀಡುತ್ತದೆ. ವೇಗವಾಗಿ ಹಬ್ಬುವುದರಿಂದ ಹತೋಟಿಯಲ್ಲಿ ಇಡಬೇಕಾಗುತ್ತದೆ.
- ನಾಚಿಕೆ ಮುಳ್ಳು: ಕಳೆಯೆಂದು ಕೀಳಲಾಗುವ ಈ ಸಸ್ಯವು ಮಳೆಗಾಲದಲ್ಲಿ ಪರಾಗದ ಮುಖ್ಯ ಮೂಲ.
- ಹೊಂಗೆ: ವಿಶಾಲ ಹಿತ್ತಿಲು ಮತ್ತು ಬೇಲಿಯಂಚಿಗೆ ಸೂಕ್ತ. ಬೇಸಿಗೆಯಲ್ಲಿ ಮಕರಂದ ಹೇರಳ.

ಹೂವಿನ ರಚನೆ ಮತ್ತು ಆಯ್ಕೆ

ಎಲ್ಲ ಅಲಂಕಾರಿಕ ಹೂಗಳೂ ಜೇನುನೊಣಗಳಿಗೆ ಉಪಯುಕ್ತವಲ್ಲ. ಮಲ್ಲಿಗೆಯ ಹೂ ಸಂಜೆ ಅರಳುತ್ತದೆ. ಅದರ ನಳಿಕೆ ಉದ್ದವೂ ಕಿರಿದೂ ಆಗಿರುವುದರಿಂದ ನೊಣದ ಗಿಡ್ಡ ನಾಲಿಗೆಗೆ ಮಕರಂದ ಎಟುಕುವುದಿಲ್ಲ. ಸುತ್ತುದಳದ ದಾಸವಾಳದಂತಹ ತಳಿಗಳಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುವುದರಿಂದ ಪರಾಗ ಕಡಿಮೆ. ಆಫ್ರಿಕಾ ಮೂಲದ ನೀರುಕಾಯಿ ಮರದ (ಸ್ಪಥೋಡಿಯಾ) ಹೂಗಳಲ್ಲಿ ಮುಜಂಟಿಯಂತಹ ಕೊಂಡಿರಹಿತ ಜೇನುನೊಣಗಳು ಸತ್ತಿರುವುದು ದಾಖಲಾಗಿದೆ. ಹೀಗಾಗಿ ಜೇನುಪೆಟ್ಟಿಗೆಗಳ ಸಮೀಪ ಇದನ್ನು ಬೆಳೆಸದಿರುವುದು ಒಳಿತು.

ಜೇನುನೊಣಗಳು ನೀಲಿ, ಹಳದಿ ಬಣ್ಣಗಳನ್ನೂ ಮನುಷ್ಯರ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನೂ ಗುರುತಿಸುತ್ತವೆ. ಶುದ್ಧ ಕೆಂಪು ಅವಕ್ಕೆ ಬಣ್ಣವಾಗಿ ಕಾಣುವುದಿಲ್ಲ. ಜೇನುನೊಣಗಳ ಬಣ್ಣದ ದೃಷ್ಟಿ ಮತ್ತು ನೃತ್ಯಭಾಷೆಯನ್ನು ಅಧ್ಯಯನ ಮಾಡಿದ ಕಾರ್ಲ್ ಫಾನ್ ಫ್ರಿಶ್ ಅವರು 1973ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಇಬ್ಬರು ವಿಜ್ಞಾನಿಗಳೊಂದಿಗೆ ಹಂಚಿಕೊಂಡರು.

ನೆಡುವಿಕೆ ಮತ್ತು ನಿರ್ವಹಣೆ

ಒಂದು ಹಾರಾಟದಲ್ಲಿ ನೊಣವು ಸಾಮಾನ್ಯವಾಗಿ ಒಂದೇ ಜಾತಿಯ ಹೂಗಳನ್ನು ಸಂದರ್ಶಿಸುತ್ತದೆ. ಆದ್ದರಿಂದ ಒಂದೇ ಬಗೆಯ ಗಿಡಗಳನ್ನು ಗುಂಪಾಗಿ ನೆಡುವುದು ಅನುಕೂಲಕರ. ಬೇರೆ ಬೇರೆ ಋತುಗಳಲ್ಲಿ ಅರಳುವ ಸಸ್ಯಗಳನ್ನು ಆಯ್ದುಕೊಂಡರೆ ಆಹಾರ ಪೂರೈಕೆ ನಿರಂತರವಾಗಿರುತ್ತದೆ. ಹೂ ಬಿಟ್ಟಿರುವಾಗ ಕೀಟನಾಶಕ ಸಿಂಪಡಿಸಿದರೆ ನೊಣಗಳು ನೇರವಾಗಿ ಸಾಯುವುದಲ್ಲದೆ, ವಿಷವು ಪರಾಗದ ಮೂಲಕ ಗೂಡನ್ನೂ ಸೇರಬಹುದು. ಸಿಂಪಡಣೆ ಅನಿವಾರ್ಯವಾದಲ್ಲಿ ಅದನ್ನು ಹೂ ಬಿಡುವ ಅವಧಿಯ ಹೊರಗೆ, ನೊಣಗಳ ಹಾರಾಟ ನಿಂತ ಸಂಜೆಯ ಹೊತ್ತಿನಲ್ಲಿ ಕೈಗೊಳ್ಳುವುದು ಸೂಕ್ತ.