ಕೈರಲ್ ಲಿಗ್ಯಾಂಡ್: ಆಲ್ಕೀನ್‌ಗಳ ಅಸಮಮಿತ ಹೈಡ್ರೋಜನೀಕರಣದಲ್ಲಿ

ಲೋಹದ ಪರಮಾಣುವನ್ನು ಹಿಡಿದುಕೊಂಡು, ಆಲ್ಕೀನಿನ (ಇಂಗಾಲಗಳ ನಡುವೆ ದ್ವಿಬಂಧವಿರುವ ಅಣುವಿನ) ಎರಡು ಮುಖಗಳಲ್ಲಿ ಒಂದಕ್ಕೇ ಹೈಡ್ರೋಜನ್ ಸೇರುವಂತೆ ಮಾಡುವ ಅಣು ಕೈರಲ್ ಲಿಗ್ಯಾಂಡ್. ಎಡಗಾಲಿನ ಚಪ್ಪಲಿ ಬಲಗಾಲಿಗೆ ಕೂರದು. ಹಾಗೆಯೇ ಕೈರಲ್ ಅಣುವಿನ ಮೇಲೆ ಅದರ ಕನ್ನಡಿಬಿಂಬ ಹೊಂದದು. ಪಾರ್ಕಿನ್ಸನ್ ಕಾಯಿಲೆಗೆ ಮದ್ದಾಗುವುದು ಡೋಪಾ ಎಂಬ ಅಣುವಿನ ಎರಡು ಕನ್ನಡಿಬಿಂಬ ರೂಪಗಳಲ್ಲಿ ಎಲ್ ರೂಪ ಮಾತ್ರ. ಬೇಲಿಯ ನಸುಗುನ್ನಿ ಬೀಜದಲ್ಲಿ ಅದು ತಾನಾಗಿ ಇರುತ್ತದೆ. ಕಾರ್ಖಾನೆಯಲ್ಲಿ ಅದನ್ನು ಪಡೆಯಲು ತಕ್ಕ ಲಿಗ್ಯಾಂಡ್ ಹುಡುಕಬೇಕಾಯಿತು.

ಅಮೆರಿಕದ ಮಾನ್ಸಾಂಟೊ ಕಂಪನಿಯ ವಿಲಿಯಂ ನೋಲ್ಸ್ 1968ರಲ್ಲಿ ರಂಜಕವೇ ಕೈರಲ್ ಕೇಂದ್ರವಾದ ಫಾಸ್ಫೀನನ್ನು ರೋಡಿಯಂಗೆ ಜೋಡಿಸಿದರು. ಕನ್ನಡಿಬಿಂಬಕ್ಕಿಂತ ಒಂದು ರೂಪದ ಹೆಚ್ಚಳ ಒಟ್ಟು ಉತ್ಪನ್ನದ ಶೇ. 15 ಮಾತ್ರ. 1971ರಲ್ಲಿ ಫ್ರಾನ್ಸಿನ ಆನ್ರಿ ಕಗಾನ್ ಟಾರ್ಟಾರಿಕ್ ಆಮ್ಲದಿಂದ 'ಡಯಾಪ್' ಲಿಗ್ಯಾಂಡ್ ಮಾಡಿದರು. ಶಹಾಪುರ, ಸುರಪುರದ ಮನೆಗಳಲ್ಲಿ ಸಾರಿಗೆ ಕಿವುಚುವ ಹುಣಸೆಯ ಹುಳಿಯೂ ಇದೇ ಆಮ್ಲ. ಕೈರಲ್ ಗುಣ ರಂಜಕದಲ್ಲೇ ಇರಬೇಕಿಲ್ಲ, ಎರಡು ರಂಜಕಗಳನ್ನು ಬೆಸೆಯುವ ಇಂಗಾಲದ ಬೆನ್ನೆಲುಬಿನಲ್ಲಿದ್ದರೂ ಸಾಕು ಎಂಬುದು ಡಯಾಪ್‌ನಿಂದ ಸಿದ್ಧವಾಯಿತು. ಎರಡು ರಂಜಕಗಳಿಂದ ಲೋಹವನ್ನು ಹಿಡಿಯುವ ಈ ಎರಡು ಕೈಗಳ ಹಿಡಿತವನ್ನು ನೋಲ್ಸ್ ಕೂಡ ಅಳವಡಿಸಿಕೊಂಡರು. ಅವರ 'ಡಿಪ್ಯಾಂಪ್' ಹೆಚ್ಚಳವನ್ನು ಶೇ. 95ಕ್ಕೆ ಒಯ್ದಿತು.

ಲಿಗ್ಯಾಂಡಿನ ಫೀನೈಲ್ ಉಂಗುರಗಳು ಲೋಹದ ಸುತ್ತಲ ನಾಲ್ಕು ಮೂಲೆಗಳಲ್ಲಿ ಎದುರುಬದುರಾದ ಎರಡನ್ನು ಅಡ್ಡಗಟ್ಟಿ, ಉಳಿದೆರಡನ್ನು ತೆರೆದಿಡುತ್ತವೆ. ಆಲ್ಕೀನ್ ಅಲ್ಲಿ ಕೂರುವುದನ್ನು ಬೀಗ-ಕೀಲಿಯಂತೆ ಕಲ್ಪಿಸಿಕೊಳ್ಳುವುದು ಸುಲಭ, ಆದರೆ ತಪ್ಪು. ರಸಾಯನಶಾಸ್ತ್ರಜ್ಞ ಜಾಕ್ ಹಾಲ್ಪರ್ನ್ ತೋರಿಸಿದಂತೆ, ಆಲ್ಕೀನ್ ರೋಡಿಯಂನೊಡನೆ ಹೆಚ್ಚು ಸ್ಥಿರವಾಗಿ ಕೂರುವ ಜೋಡಣೆಯಿಂದ ಮುಖ್ಯ ಉತ್ಪನ್ನ ಬರುವುದಿಲ್ಲ. ದ್ರಾವಣದಲ್ಲಿ ವಿರಳವಾಗಿರುವ, ಅಸ್ಥಿರವಾದ ಜೋಡಣೆಯೇ ಹೈಡ್ರೋಜನ್ನಿನೊಡನೆ ಬೇಗ ವರ್ತಿಸಿ ಗೆಲ್ಲುತ್ತದೆ. ಹೈಡ್ರೋಜನ್ ಒತ್ತಡ ಏರಿಸಿದರೆ ಎರಡು ಜೋಡಣೆಗಳು ಅದಲುಬದಲಾಗಲು ಪುರಸತ್ತು ಸಿಗದೆ ಆಯ್ಕೆಯ ಶುದ್ಧಿ ಕುಸಿಯುತ್ತದೆ. ಕೋಣೆಯ ತಾಪಮಾನದಲ್ಲಿ ಎರಡು ರೂಪಗಳ 99:1 ಅನುಪಾತಕ್ಕೆ, ಅವುಗಳತ್ತ ಒಯ್ಯುವ ದಾರಿಗಳ ನಡುವೆ ಬೇಕಾದ ಶಕ್ತಿಯ ಅಂತರ ಮೋಲಿಗೆ ಸುಮಾರು 2.7 ಕಿಲೋಕ್ಯಾಲೊರಿ, ಅಷ್ಟೇ. ಇಷ್ಟು ಸಣ್ಣ ಅಂತರವನ್ನು ಕಾಗದದ ಮೇಲೆ ಮೊದಲೇ ಲೆಕ್ಕಹಾಕುವುದು ಕಠಿಣವಾದ್ದರಿಂದ ಹತ್ತಾರು ಲಿಗ್ಯಾಂಡ್‌ಗಳನ್ನು ಮಾಡಿ ನೋಡುವ ತಾಳ್ಮೆ ಇಂದಿಗೂ ಬೇಕು.

ಜಪಾನಿನ ರ್‍ಯೋಜಿ ನೊಯೊರಿ ಅವರ 'ಬೈನ್ಯಾಪ್' (1980) ರುಥೇನಿಯಂ ಜತೆ ಸೇರಿ, ಈ ಕ್ರಿಯೆಗೆ ಒಗ್ಗುವ ಆಲ್ಕೀನ್‌ಗಳ ವ್ಯಾಪ್ತಿಯನ್ನು ಹಿಗ್ಗಿಸಿತು. 2001ರ ರಸಾಯನಶಾಸ್ತ್ರ ನೊಬೆಲ್ ನೋಲ್ಸ್, ನೊಯೊರಿ ಮತ್ತು ಬ್ಯಾರಿ ಶಾರ್ಪ್‌ಲೆಸ್ ಅವರಿಗೆ ಸಂದಿತು. ಕರ್ನಾಟಕದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಎಸ್. ಕೃಷ್ಣಮೂರ್ತಿ ಅವರ ತಂಡ ರಂಜಕ-ಸಾರಜನಕ-ರಂಜಕ ಬೆನ್ನೆಲುಬಿನ ಕೈರಲ್ ಡೈಫಾಸ್ಫಜೇನ್‌ಗಳನ್ನು ರೂಪಿಸಿತು. ನಡುವಣ ಸಾರಜನಕಕ್ಕೆ ಕೈರಲ್ ಗುಂಪನ್ನು ಕಟ್ಟಿದ ಈ ಲಿಗ್ಯಾಂಡ್‌ಗಳನ್ನು ತಂಡ ಪರೀಕ್ಷಿಸಿದ್ದು ಹೈಡ್ರೋಜನೀಕರಣದಲ್ಲಲ್ಲ, ಪಲ್ಲಾಡಿಯಂ ಕ್ರಿಯೆಗಳಲ್ಲಿ.

ರೋಡಿಯಂ ವಿಧಾನಕ್ಕೆ ಸಾಮಾನ್ಯವಾಗಿ ದ್ವಿಬಂಧದ ಪಕ್ಕದಲ್ಲಿ ಲೋಹ ಹಿಡಿಯಬಲ್ಲ ಅಮೈಡಿನಂಥ ಗುಂಪು ಬೇಕು. ಆ ಆಸರೆಯೂ ಇಲ್ಲದ ಬರಿಯ ಆಲ್ಕೀನ್‌ಗಳಿಗೆ ಆಂಡ್ರಿಯಾಸ್ ಫಾಲ್ಟ್ಸ್ 1990ರ ದಶಕದ ಕೊನೆಯಲ್ಲಿ ಇರಿಡಿಯಂ ಬಳಸಿದರು, ಒಂದು ಕೈಯಲ್ಲಿ ರಂಜಕ, ಇನ್ನೊಂದರಲ್ಲಿ ಸಾರಜನಕ ಇರುವ ಲಿಗ್ಯಾಂಡಿನೊಡನೆ.